ಹದಿಮೂರು ಇನ್ವರ್ಟರ್ ಬ್ಯಾಟರಿಯ ಕಾರು: ಸೆಕೆಂಡ್ ಹ್ಯಾಂಡ್ ಟಿಯಾಗೊ ಇವಿ, ಆರು ತಿಂಗಳ ನಂತರ

ನನ್ನದು ಬ್ಯಾಟರಿ ಅಂಗಡಿ. ದಾವಣಗೆರೆಯ ಹದಡಿ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇನ್ವರ್ಟರ್, ಯುಪಿಎಸ್, ಅದಕ್ಕೆ ಬೇಕಾದ ಬ್ಯಾಟರಿ ಮಾರುತ್ತೇನೆ. ಡಿಸ್ಟಿಲ್ಡ್ ವಾಟರ್ ಹಾಕಿಸಿಕೊಳ್ಳದೆ ಬ್ಯಾಟರಿ ಒಣಗಿಸಿ, ಆಮೇಲೆ ಅಂಗಡಿಗೆ ಬಂದು ಜಗಳ ಆಡುವವರನ್ನು ದಿನಾ ನೋಡುತ್ತೇನೆ. ಹಾಗಾಗಿ ಎಲೆಕ್ಟ್ರಿಕ್ ಕಾರು ತಗೊಳ್ಳೋಣ ಅಂದಾಗ ನನ್ನ ತಮ್ಮ ನಕ್ಕುಬಿಟ್ಟ. "ಬ್ಯಾಟರಿ ಕೈಕೊಡುತ್ತೆ ಅಂತ ಊರಿಗೆಲ್ಲ ಹೇಳೋನು ನೀನೇ, ಈಗ ಹಳೇ ಬ್ಯಾಟರಿ ಕಾರು ತಗೊಳ್ತೀಯಾ?" ಅಂದ.

ತಗೊಂಡೆ. 2023ರ ಮಾರ್ಚ್ ಮಾಡೆಲ್ ಟಾಟಾ ಟಿಯಾಗೊ ಇವಿ, 24 ಕಿಲೋವ್ಯಾಟ್ ಅವರ್ ಬ್ಯಾಟರಿಯದ್ದು, 31,000 ಕಿಲೋಮೀಟರ್ ಓಡಿತ್ತು. ಕಳೆದ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ 6 ಲಕ್ಷ 20 ಸಾವಿರಕ್ಕೆ ತಂದೆ. ಕಾರಿನ ಬಗ್ಗೆ ಹೇಳೋದು ಸ್ವಲ್ಪವೇ ಇದೆ, ಬ್ಯಾಟರಿ ಬಗ್ಗೆ ಜಾಸ್ತಿ ಇದೆ. ಸೆಕೆಂಡ್ ಹ್ಯಾಂಡ್ ಇವಿಯಲ್ಲಿ ನೀವು ನಿಜವಾಗಿ ಕೊಳ್ಳೋದು ಬ್ಯಾಟರಿಯನ್ನೇ. ಉಳಿದದ್ದೆಲ್ಲ ಅದರ ಮೇಲೆ ಕೂರಿಸಿರೋ ಸೀಟು, ಬಾಗಿಲು.

ಮೊದಲು ನನಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳುತ್ತೇನೆ. ಮನೆಯಲ್ಲಿ ಇಡುವ 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ 12 ವೋಲ್ಟಿನದು. ಎರಡನ್ನೂ ಗುಣಿಸಿದರೆ 1,800 ವ್ಯಾಟ್ ಅವರ್, ಅಂದ್ರೆ 1.8 ಯುನಿಟ್ (ಒಂದು ಯುನಿಟ್ ಅಂದ್ರೆ ಒಂದು ಕಿಲೋವ್ಯಾಟ್ ಅವರ್). ಈ ಕಾರಿನಲ್ಲಿರೋದು 24 ಯುನಿಟ್. ಹೆಚ್ಚು ಕಡಿಮೆ ಹದಿಮೂರು ಇನ್ವರ್ಟರ್ ಬ್ಯಾಟರಿ. ಒಂದೊಂದು ಐವತ್ತು ಕಿಲೋ ಮೇಲಿರುತ್ತೆ, ಹದಿಮೂರನ್ನು ಈ ಕಾರಿಗೆ ತುಂಬಿದರೆ ಚಕ್ರ ನೆಲಕ್ಕೆ ಅಂಟುತ್ತೆ. ಅದೂ ಅಲ್ಲದೆ ಲೆಡ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬಾರದು, ಅರ್ಧ ಬಳಸಿದರೆ ಬಾಳಿಕೆ. 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪುಟ್ಟ ರೇವಾ ಕಾರು ಓಡಿದ್ದು ಇಂಥ ಲೆಡ್ ಬ್ಯಾಟರಿಯಲ್ಲೇ. ಆರು ವೋಲ್ಟಿನ ಎಂಟು ಬ್ಯಾಟರಿ, ಒಟ್ಟು 48 ವೋಲ್ಟ್. ಆ ಕಾಲಕ್ಕೆ ಅದೇ ದೊಡ್ಡ ಸಾಹಸ. ಟಿಯಾಗೊದಲ್ಲಿ ಇರೋದು ಲಿಥಿಯಂ, ಅದರಲ್ಲೂ ಎಲ್‌ಎಫ್‌ಪಿ ಜಾತಿ, ಅಂದ್ರೆ ಲಿಥಿಯಂ, ಕಬ್ಬಿಣ, ಫಾಸ್ಫೇಟ್. ಇನ್ನೊಂದು ಜಾತಿ ಇದೆ, ನಿಕಲ್ ಹಾಕಿದ್ದು. ಅದು ಅದೇ ತೂಕದಲ್ಲಿ ಜಾಸ್ತಿ ಕರೆಂಟ್ ಹಿಡಿಯುತ್ತೆ, ಆದರೆ ಬಿಸಿ ತಡೆಯೋದು ಕಡಿಮೆ, ಸವೆಯೋದೂ ಬೇಗ. ನಮ್ಮೂರ ಏಪ್ರಿಲ್ ಬಿಸಿಲು ನೋಡಿದವನಾಗಿ ನಾನು ಎಲ್‌ಎಫ್‌ಪಿನೇ ಬೇಕು ಅಂತ ಕೂತೆ. ಈ ಕಾರಿನ ಬ್ಯಾಟರಿಗೆ ತಂಪು ಮಾಡುವ ಕೂಲಂಟ್ ಓಡಾಡುತ್ತೆ ಅನ್ನೋದು ಇನ್ನೊಂದು ಸಮಾಧಾನ.

ಹುಡುಕೋಕೆ ಶುರು ಮಾಡಿದ್ದು ಬೆಂಗಳೂರಿನ ಒಂದು ಹಳೇ ಕಾರಿನ ಮಳಿಗೆಯಿಂದ. ಹೆಸರು ಬೇಡ ಬಿಡಿ. ಅಲ್ಲಿನ ಹುಡುಗ ಕಾರು ಆನ್ ಮಾಡಿ ಡಿಸ್‌ಪ್ಲೇ ಕಡೆ ಬೆರಳು ತೋರಿಸಿದ. "ನೋಡಿ ಸಾರ್, ಫುಲ್ ಚಾರ್ಜಲ್ಲಿ 228 ತೋರಿಸ್ತಿದೆ. ಬ್ಯಾಟರಿ ಹಂಡ್ರೆಡ್ ಪರ್ಸೆಂಟ್ ಇದೆ."

ಇಲ್ಲೇ ಜನ ಮೋಸ ಹೋಗೋದು. ಆ 228 ಬ್ಯಾಟರಿಯ ಆರೋಗ್ಯ ಅಲ್ಲ. ಇತ್ತೀಚೆಗೆ ಕಾರು ಹೇಗೆ ಓಡಿದೆ ಅನ್ನೋದನ್ನು ನೋಡಿ ಕಂಪ್ಯೂಟರ್ ಮಾಡುವ ಅಂದಾಜು. ನಾಲ್ಕು ದಿನ ಮೆಲ್ಲಗೆ, ಎಸಿ ಇಲ್ಲದೆ ಓಡಿಸಿದರೆ ಸವೆದ ಬ್ಯಾಟರಿಯೂ ಚೆನ್ನಾಗಿರೋ ನಂಬರ್ ತೋರಿಸುತ್ತೆ. ಹೈವೇಯಲ್ಲಿ ನೂರರಲ್ಲಿ ಹೊಡೆದು ತಂದು ನಿಲ್ಲಿಸಿದರೆ ಹೊಸ ಬ್ಯಾಟರಿಯೂ 170 ಅಂತ ಮುಖ ಸಪ್ಪೆ ಮಾಡಿಕೊಳ್ಳುತ್ತೆ. ಕಂಪನಿ ಕಾಗದದಲ್ಲಿರೋ 315 ಕಿಲೋಮೀಟರ್ ಅಂತೂ ಟೆಸ್ಟ್ ರೂಮಿನ ಲೆಕ್ಕ. ಅದನ್ನು ಮರೆತುಬಿಡಿ.

ಅದೇ ಕಾರನ್ನು 'ಲಾಂಗ್ ರೇಂಜ್' ಅಂತ ಮಾರುತ್ತಿದ್ದರು. ಇನ್ಶೂರೆನ್ಸ್ ಪೇಪರ್ ಕೊಡಿ ಅಂದೆ. ಇವಿಗಳಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಲೆಕ್ಕ ಹಾಕೋದು ಸಿಸಿ ಮೇಲಲ್ಲ, ಮೋಟರಿನ ಕಿಲೋವ್ಯಾಟ್ ಮೇಲೆ. ಹಾಗಾಗಿ ಪಾಲಿಸಿಯಲ್ಲಿ ಅದು ಬರೆದಿರುತ್ತೆ. 2022ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದಾಗ ಟಿಯಾಗೊ ಇವಿ ಎರಡು ಬ್ಯಾಟರಿಯಲ್ಲಿ ಬಂತು: 19.2 ಯುನಿಟ್ಟಿನದಕ್ಕೆ 45 ಕಿಲೋವ್ಯಾಟ್ ಮೋಟರ್, 24 ಯುನಿಟ್ಟಿನದಕ್ಕೆ 55. ಪೇಪರಿನಲ್ಲಿ 45 ಅಂತ ಇತ್ತು. ಹುಡುಗನಿಗೂ ಗೊತ್ತಿರಲಿಲ್ಲ ಅನ್ಸುತ್ತೆ, ಪಾಪ. ಅವನು ಇಟ್ಟಿದ್ದ ಬೆಲೆ ಮಾತ್ರ ದೊಡ್ಡ ಬ್ಯಾಟರಿಯದೇ.

ಎರಡನೇ ಕಾರು ಎರಡೇ ವರ್ಷದಲ್ಲಿ ಲಕ್ಷ ಕಿಲೋಮೀಟರ್ ದಾಟಿತ್ತು. ಹಸಿರು ಬೋರ್ಡಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆ ಗಾಡಿ, ಬಿಳಿ ಅಕ್ಷರ ಇದ್ದರೆ ಸ್ವಂತದ್ದು. ಇದು ಹಳದಿ. ಬಾಡಿಗೆ ಗಾಡಿ ಅಂದರೆ ದಿನಾ ಫಾಸ್ಟ್ ಚಾರ್ಜಿಂಗ್, ಬಿಸಿಲಲ್ಲಿ ಅವಸರ. ಅದೆಲ್ಲ ಕೆಟ್ಟದ್ದೇ ಅಂತಲ್ಲ, ಆದರೆ ನನಗೆ ಬೇಡ ಅನ್ನಿಸಿತು.

ಮೂರನೆಯದು ಖಾಸಗಿ. ವಿಜಯನಗರದ ಒಂದು ಅಪಾರ್ಟ್‌ಮೆಂಟ್, ಸಾಫ್ಟ್‌ವೇರ್ ಹುಡುಗ, ಹೊರದೇಶಕ್ಕೆ ಹೊರಟಿದ್ದ. ಫೋನಲ್ಲಿ ನಾನು ಕೇಳಿದ್ದು ಎರಡೇ ಪ್ರಶ್ನೆ. ದಿನಾ ಎಲ್ಲಿ ಚಾರ್ಜ್ ಮಾಡ್ತೀರಿ? "ಕೆಳಗೆ ಬೇಸ್‌ಮೆಂಟಲ್ಲಿ, 15 ಆಂಪ್ ಪ್ಲಗ್ಗಲ್ಲಿ." ಒಂದು ರಾತ್ರಿ ಚಾರ್ಜಿಗೆ ಹಾಕಿ ಪಕ್ಕದಲ್ಲಿ ನಾನು ಕೂತಿರಬಹುದಾ? ಎರಡು ಸೆಕೆಂಡ್ ಮೌನ. ಆಮೇಲೆ "ಬನ್ನಿ ಅಂಕಲ್" ಅಂದ. ಅಷ್ಟಕ್ಕೇ ಅರ್ಧ ಕಾರು ಇಷ್ಟವಾಯಿತು.

ಆ ರಾತ್ರಿಯ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು.

ಯಾಕೆ ಅಷ್ಟು ಕಷ್ಟ ಪಟ್ಟೆ ಅಂದರೆ, ಲೆಡ್ ಬ್ಯಾಟರಿ ಆಗಿದ್ದರೆ ನನಗೆ ಹತ್ತು ನಿಮಿಷ ಸಾಕಿತ್ತು. ಮುಚ್ಚಳ ತೆಗೆದು, ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿದರೆ ಒಂದೊಂದು ಸೆಲ್ಲಿನ ಜಾತಕ ಗೊತ್ತಾಗುತ್ತೆ. ಮಲ್ಟಿಮೀಟರ್ ಇಟ್ಟರೂ ಸಾಕು. 12.7 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಎಲ್‌ಎಫ್‌ಪಿ ಹಾಗಲ್ಲ. ಮುಚ್ಚಳವೂ ಇಲ್ಲ, ನೀರೂ ಇಲ್ಲ. 30 ಪರ್ಸೆಂಟಿನಲ್ಲೂ 70 ಪರ್ಸೆಂಟಿನಲ್ಲೂ ವೋಲ್ಟೇಜ್ ಹೆಚ್ಚು ಕಡಿಮೆ ಒಂದೇ. ನೆಲದ ಥರ ಚಪ್ಪಟೆ. ಹಾಗಾದ್ರೆ ಡಿಸ್‌ಪ್ಲೇಯಲ್ಲಿ ಪರ್ಸೆಂಟ್ ಹೇಗೆ ಬರುತ್ತೆ? ಬ್ಯಾಟರಿಯನ್ನು ನೋಡಿಕೊಳ್ಳುವ ಬಿಎಂಎಸ್ ಅನ್ನೋ ಸರ್ಕ್ಯೂಟ್ ಅಂಗಡಿಯ ಖಾತೆ ಪುಸ್ತಕದ ಥರ ಕೆಲಸ ಮಾಡುತ್ತೆ. ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯ್ತು, ಜಮಾ, ಖರ್ಚು. ಖಾತೆಯಲ್ಲಿ ದಿನಾ ಹತ್ತು ಪೈಸೆ ತಪ್ಪಿದರೆ ತಿಂಗಳಿಗೆ ಲೆಕ್ಕ ತಾಳೆ ಆಗಲ್ಲ ಅಲ್ವಾ? ಹಾಗೇ ಇದೂ. ಬ್ಯಾಟರಿ ಪೂರ್ತಿ ತುಂಬಿದಾಗ ಮಾತ್ರ ವೋಲ್ಟೇಜ್ ಚುರುಕಾಗಿ ಮೇಲೇರುತ್ತೆ. ಆಗ ಬಿಎಂಎಸ್ "ಓ, ಇದು ನೂರು" ಅಂತ ಪುಸ್ತಕ ಸರಿ ಮಾಡಿಕೊಳ್ಳುತ್ತೆ, ಸೆಲ್‌ಗಳನ್ನೂ ಸಮ ಮಾಡುತ್ತೆ. ಯಾವಾಗಲೂ 80ಕ್ಕೇ ನಿಲ್ಲಿಸುವವರ ಎಲ್‌ಎಫ್‌ಪಿ ಕಾರಿನಲ್ಲಿ ಪರ್ಸೆಂಟ್ ಇದ್ದಕ್ಕಿದ್ದಂತೆ ಕುಸಿಯೋದು ಇದೇ ಕಾರಣಕ್ಕೆ. ಬ್ಯಾಟರಿ ಕೆಟ್ಟಿರಲ್ಲ, ಲೆಕ್ಕ ಕೆಟ್ಟಿರುತ್ತೆ.

ಅದಕ್ಕೇ ನನ್ನ ಉಪಾಯ: ಕೆಳಗಿನಿಂದ ನೂರರ ತನಕ ತುಂಬಿಸಿ, ಗೋಡೆಯಿಂದ ಎಷ್ಟು ಯುನಿಟ್ ಎಳೆಯಿತು ಅಂತ ನಾನೇ ಅಳೆಯೋದು. ಅಂಗಡಿಯಲ್ಲಿ 16 ಆಂಪಿನ ಪ್ಲಗ್ ಹಾಕಿದ ಒಂದು ಎನರ್ಜಿ ಮೀಟರ್ ಇದೆ, ಗಿರಾಕಿಗಳ ಫ್ರಿಜ್ಜು, ಇನ್ವರ್ಟರ್ ಎಷ್ಟು ಎಳೆಯುತ್ತೆ ಅಂತ ನೋಡೋಕೆ. ಅದನ್ನು ಚೀಲದಲ್ಲಿ ಹಾಕಿಕೊಂಡೆ, ಜೊತೆಗೆ ಒಂದು ಪೊಟ್ಟಣ ಮಂಡಕ್ಕಿ ಖಾರ. ಸಂಜೆ ಹುಡುಗನ ಜೊತೆ ರಿಂಗ್ ರೋಡಿನಲ್ಲಿ ಸುತ್ತಿ ಚಾರ್ಜನ್ನು 15 ಪರ್ಸೆಂಟಿಗೆ ಇಳಿಸಿದೆವು. ರಾತ್ರಿ ಒಂಬತ್ತೂವರೆಗೆ ಪ್ಲಗ್ ಹಾಕಿದೆ. ಮೀಟರ್ ಸೊನ್ನೆ.

ಹುಡುಗನ ಅಪ್ಪ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತರು. ನಿವೃತ್ತ ಮೇಷ್ಟ್ರು. "ಏನ್ ಸಾರ್, ಹೆಣ್ಣು ನೋಡೋಕೆ ಬಂದೋರೂ ಇಷ್ಟು ಹೊತ್ತು ಕೂರಲ್ಲ" ಅಂದರು. ಹನ್ನೊಂದರ ಹೊತ್ತಿಗೆ ಮಂಡಕ್ಕಿ ಖಾಲಿ ಆಯಿತು, ರಾಜಕೀಯ ಮುಗಿಯಿತು. ನಾನು ರಾಜಾಜಿನಗರದಲ್ಲಿ ಅಕ್ಕನ ಮನೆಗೆ ಹೋಗಿ ಮಲಗಿ ಬೆಳಿಗ್ಗೆ ಐದೂವರೆಗೆ ವಾಪಸ್ ಬಂದೆ. ನೂರು ತೋರಿಸುತ್ತಿತ್ತು. ಮೀಟರಿನಲ್ಲಿ 21.9 ಯುನಿಟ್.

ಈಗ ಲೆಕ್ಕ. ಗೋಡೆಯಿಂದ ಎಳೆದದ್ದೆಲ್ಲ ಬ್ಯಾಟರಿಗೆ ಹೋಗಲ್ಲ. ಗೋಡೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಕರೆಂಟ್ ಮಾಡುವಾಗ ಸ್ವಲ್ಪ ಬಿಸಿಯಾಗಿ ಹಾಳಾಗುತ್ತೆ. ನೂರಕ್ಕೆ ಹನ್ನೆರಡು ಹೋಯ್ತು ಅಂತ ಇಟ್ಟುಕೊಂಡೆ. ಉಳಿದದ್ದು 19.3. ಇದು 85 ಪರ್ಸೆಂಟ್ ತುಂಬಿಸೋಕೆ, ಅಂದರೆ ಪೂರ್ತಿ ಬ್ಯಾಟರಿ 22.7. ಹೊಸದಿದ್ದಾಗ 24. ನೂರಕ್ಕೆ ಸುಮಾರು 94 ಉಳಿದಿದೆ. ನಷ್ಟ ಹತ್ತು ಅಂತ ಹಿಡಿದರೆ 96 ಮೇಲೆ ಬರುತ್ತೆ, ಹದಿನೈದು ಅಂದರೆ 91. ಹಾಗಾಗಿ ಇದು ಚಿನ್ನದ ಅಂಗಡಿ ತಕ್ಕಡಿ ಅಲ್ಲ, ತರಕಾರಿ ತಕ್ಕಡಿ. ಆದರೆ 80 ಇರೋ ಬ್ಯಾಟರಿಯನ್ನು ನೂರು ಅಂತ ಮಾರೋಕೆ ಬಂದರೆ ಖಂಡಿತ ಸಿಕ್ಕಿಬೀಳುತ್ತಾರೆ. ಊರಿಗೆ ಬಂದ ಮೇಲೆ 12ರಿಂದ ನೂರರ ತನಕ ಮತ್ತೊಮ್ಮೆ ಅಳೆದೆ, 22.8 ಯುನಿಟ್ ಬಂತು. ಹೆಚ್ಚು ಕಡಿಮೆ ಅದೇ ಉತ್ತರ.

ಬೆಳಕಾದ ಮೇಲೆ ಹತ್ತಿರದ ವಾಟರ್ ಸರ್ವಿಸ್‌ನಲ್ಲಿ ಕಾರು ಮೇಲೆತ್ತಿಸಿ ಟಾರ್ಚ್ ಹಿಡಿದು ಕೆಳಗೆ ನೋಡಿದೆ. ಬ್ಯಾಟರಿ ಪೆಟ್ಟಿಗೆಗೆ ಹಂಪ್ ತಾಗಿ ನೆಗ್ಗಿದೆಯಾ, ಬೋಲ್ಟ್ ತುಕ್ಕು ಹಿಡಿದಿದೆಯಾ. ಮ್ಯಾಟ್ ಎತ್ತಿ ಮೂಸಿ ನೋಡಿದೆ. ಬೆಂಗಳೂರಿನ ಮಳೆಯಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗುವ ಕಥೆ ನಿಮಗೂ ಗೊತ್ತು. ಏನೂ ಇರಲಿಲ್ಲ. ಬ್ಯಾಟರಿ, ಮೋಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ. ಎರಡನೇ ಮಾಲೀಕರಿಗೆ ಅದು ಹೇಗೆ ನಡೆಯುತ್ತೆ ಅನ್ನೋದನ್ನು ದುಡ್ಡು ಕೊಡೋ ಮೊದಲು ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರ್ ಕೊಟ್ಟು ಬರವಣಿಗೆಯಲ್ಲಿ ಕೇಳಿಸಿಕೊಳ್ಳಿ. ಬಾಯಿ ಮಾತು ಬೇಡ. ವಾರಂಟಿ ಕಾರ್ಡ್ ತುಂಬದೆ ಬರುವ ಗಿರಾಕಿಗಳ ಗೋಳು ನನಗೆ ಗೊತ್ತು.

ದಾವಣಗೆರೆಗೆ ಓಡಿಸಿಕೊಂಡೇ ಬಂದೆ, 260 ಕಿಲೋಮೀಟರ್. ಸಿರಾ ಮುಟ್ಟಿದಾಗ 32 ಪರ್ಸೆಂಟ್. ಮೊದಲ ಹೋಟೆಲಿನ ಚಾರ್ಜರ್ ಸತ್ತಿತ್ತು. ಬೋರ್ಡು ಮಾತ್ರ ಜಗಮಗ. ಎರಡನೇ ಕಡೆ ಸಿಕ್ಕಿತು. ಡಿಸಿ ಫಾಸ್ಟ್ ಚಾರ್ಜರಿನಲ್ಲಿ ಈ ಕಾರು ಹತ್ತರಿಂದ ಎಂಬತ್ತಕ್ಕೆ ಹೋಗೋಕೆ ಒಂದು ಗಂಟೆ ಹತ್ತಿರ ಬೇಕು, ಎಂಬತ್ತರ ಮೇಲೆ ಆಮೆ. ಊಟ ಮಾಡಿ, ಮೊಸರನ್ನ ಎರಡನೇ ಸಲ ಹಾಕಿಸಿಕೊಂಡು, 88ಕ್ಕೆ ಪ್ಲಗ್ ಕಿತ್ತೆ. ಚಿತ್ರದುರ್ಗ ದಾಟುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ಬೇರೆ ದಿನ ಆಗಿದ್ದರೆ ಚೆಂದ ಅನ್ನಿಸುತ್ತಿತ್ತು. ಅವತ್ತು ನನಗೆ ಕಾಣಿಸಿದ್ದು ಎದುರು ಗಾಳಿ ಮಾತ್ರ. ಭರಮಸಾಗರದ ಹತ್ತಿರ ಪರ್ಸೆಂಟ್ ಇಳಿಯುವುದನ್ನೇ ನೋಡುತ್ತಾ ಎಸಿ ಆಫ್ ಮಾಡಿ, ವೇಗ ಎಪ್ಪತ್ತಕ್ಕೆ ಇಳಿಸಿ, ಲಾರಿಗಳ ಹಿಂದೆ ಬಂದೆ. ಮನೆ ಮುಂದೆ ನಿಂತಾಗ 10 ಪರ್ಸೆಂಟ್. ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಿದ್ದಳು, ನಾನು ಮೊದಲು ಕೇಳಿದ್ದು ಪ್ಲಗ್ ಪಾಯಿಂಟ್ ಖಾಲಿ ಇದೆಯಾ ಅಂತ.

ಖಾಲಿ ಇತ್ತು, ಆದರೆ ಚಾರ್ಜ್ ಆಗಲಿಲ್ಲ. ಕಾರಿನ ತಪ್ಪಲ್ಲ, ನನ್ನ ಮನೆಯದು. ನ್ಯೂಟ್ರಲ್ಲಿಗೂ ಅರ್ಥಿಗೂ ಮಧ್ಯೆ 18 ವೋಲ್ಟ್ ಇತ್ತು. ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಒಪ್ಪಲ್ಲ, ಒಪ್ಪಲೂಬಾರದು. ಊರಿಗೆಲ್ಲ ಅರ್ಥಿಂಗ್ ಪಾಠ ಹೇಳೋ ನಾನು ಮರುದಿನ ಹಿತ್ತಲಲ್ಲಿ ಗುಂಡಿ ತೋಡಿಸಿ, ತಾಮ್ರದ ಪ್ಲೇಟ್ ಇಳಿಸಿ, ಉಪ್ಪು, ಇದ್ದಿಲು ಹಾಕಿಸಿದೆ. ಜೊತೆಗೆ ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಂಡೆ, 3 ಕಿಲೋವ್ಯಾಟ್ ಚಾರ್ಜರ್ ರಾತ್ರಿಯಿಡೀ ಎಳೆಯುವಾಗ ಹಳೇ ಮಂಜೂರಾತಿ ಸಾಲಲ್ಲ. ಈ ಖರ್ಚನ್ನು ಕಾರಿನ ಬೆಲೆಗೇ ಸೇರಿಸಿ ನೋಡಿ.

ಇನ್ನೊಂದು ಲೆಕ್ಕವನ್ನು ಯಾರೂ ಹೇಳಲ್ಲ. ನಮ್ಮ ಮನೆಗೆ ತಿಂಗಳಿಗೆ 105 ಯುನಿಟ್ ಸುಡುತ್ತಿತ್ತು, ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ. ಕಾರು ಬಂದ ಮೇಲೆ 260. ಇನ್ನೂರು ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. 2025-26ರ ದರ ಯುನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು, ಮೇಲೆ ಫಿಕ್ಸೆಡ್ ಚಾರ್ಜು. "ಫ್ರೀ ಕರೆಂಟ್ ಹೋಯ್ತಲ್ರೀ" ಅಂತ ಹೆಂಡತಿ ಮೂರು ತಿಂಗಳು ಅಂದಳು. ಕಾರಿಗೆ ಹೋಗೋದು 155 ಯುನಿಟ್, ಓಡೋದು 1,200 ಕಿಲೋಮೀಟರ್. ಹಳೇ ಪೆಟ್ರೋಲ್ ಕಾರಿಗೆ ಇಷ್ಟೇ ಓಡಾಟಕ್ಕೆ ಒಂಬತ್ತು ಸಾವಿರದ ಹತ್ತಿರ ಹೋಗುತ್ತಿತ್ತು. ಮನೆ, ಕಾರು ಎರಡೂ ಸೇರಿ ಈಗ ಅದರ ಕಾಲು ಭಾಗವೂ ಇಲ್ಲ. ನಾಲ್ಕನೇ ತಿಂಗಳಿಗೆ ಅವಳು ಸುಮ್ಮನಾದಳು.

ಕಾರಿನ ಬಗ್ಗೆ ಒಂದಿಷ್ಟು. ಊರೊಳಗೆ 190ರಿಂದ 200 ಕೊಡುತ್ತೆ, ಹೈವೇಯಲ್ಲಿ 80ರಲ್ಲಿ ಹೋದರೆ 175. ಸದ್ದಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಬ್ರೇಕ್ ಥರ ಹಿಡಿದು ಬ್ಯಾಟರಿಗೆ ವಾಪಸ್ ತುಂಬುವ ರೀಜೆನ್ ಇದೆ. ನಾನು ಎರಡನೇ ಹಂತದಲ್ಲಿ ಇಡುತ್ತೇನೆ, ಮೂರರಲ್ಲಿ ಇಟ್ಟರೆ ಅಮ್ಮನಿಗೆ ತಲೆ ಸುತ್ತುತ್ತೆ. ಹಿಂದಿನ ಸೀಟಿನಲ್ಲಿ ಇಬ್ಬರು ಸುಖವಾಗಿ, ಮೂವರು ಸಂಬಂಧಿಕರಾಗಿದ್ದರೆ. ಸ್ಟೆಪ್ನಿ ಇಲ್ಲ, ಪಂಚರ್ ಕಿಟ್ ಮಾತ್ರ. ಜಗಳೂರು ಕಡೆಯ ಹಳ್ಳಿ ದಾರಿಗೆ ಹೋಗುವ ನನಗೆ ಇದು ಸ್ವಲ್ಪ ಕೊರಗು. ಡಿಕ್ಕಿ ಚಿಕ್ಕದು, ಆದರೆ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಒಂದು ಕೂರುತ್ತೆ.

ದಿನಾ ನೂರು ಕಿಲೋಮೀಟರ್ ಒಳಗೆ ಓಡಾಡುವವರು, ಮನೆಯಲ್ಲೇ ಪ್ಲಗ್ ಇರುವವರು ಕಣ್ಣು ಮುಚ್ಚಿ ಅಲ್ಲ, ಮೀಟರ್ ಇಟ್ಟು ತಗೊಳ್ಳಬಹುದು. ಬಾಡಿಗೆ ಮನೆಯಲ್ಲಿದ್ದು, ಮಾಲೀಕರು ಪ್ಲಗ್ ಕೊಡಲ್ಲ ಅಂದರೆ ಬೇಡವೇ ಬೇಡ. ರೋಡ್ ಬದಿಯ ಫಾಸ್ಟ್ ಚಾರ್ಜರಿನ ದರಕ್ಕೆ ಉಳಿತಾಯದಲ್ಲಿ ಒಂದು ಪಾಲು ಕರಗುತ್ತೆ. ವಾರಕ್ಕೊಮ್ಮೆ ನೂರರ ತನಕ ನಿಧಾನ ಚಾರ್ಜ್, ಉಳಿದ ದಿನ ಹೇಗಾದರೂ ಸರಿ. ನಾನು ಮಾಡೋದು ಇಷ್ಟೇ.

ಇಷ್ಟೆಲ್ಲ ಜಾಣತನ ತೋರಿಸಿದವನ ಮಾನ ಹೋದ ಕಥೆಯನ್ನೂ ಹೇಳಿಬಿಡುತ್ತೇನೆ. ಸೆಪ್ಟೆಂಬರಿನಲ್ಲಿ ಮದುವೆಗೆ ಅಂತ ಆರು ದಿನ ಊರಲ್ಲಿರಲಿಲ್ಲ. ವಾಪಸ್ ಬಂದರೆ ಕಾರು ಮಿಸುಕಾಡುತ್ತಿಲ್ಲ. ಬಾಗಿಲು ಬಟನ್ನಿಗೆ ತೆಗೆಯಲಿಲ್ಲ, ಡಿಸ್‌ಪ್ಲೇ ಕತ್ತಲೆ. ದೊಡ್ಡ ಬ್ಯಾಟರಿಯಲ್ಲಿ 70 ಪರ್ಸೆಂಟ್ ಬಿಟ್ಟು ಹೋಗಿದ್ದೆ! ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು. ಬಾನೆಟ್ ಒಳಗೆ ಇನ್ನೊಂದು ಬ್ಯಾಟರಿ ಇದೆ. ಎಲ್ಲ ಕಾರಿನಲ್ಲೂ ಇರುವ ಮಾಮೂಲಿ 12 ವೋಲ್ಟ್ ಲೆಡ್ ಬ್ಯಾಟರಿ. ಲೈಟು, ಲಾಕು, ಕಂಪ್ಯೂಟರು ಎಲ್ಲ ಅದರಲ್ಲೇ. ದೊಡ್ಡ ಬ್ಯಾಟರಿಯ ಸ್ವಿಚ್ ಹಾಕೋದೂ ಅದೇ. ಅದು ಸತ್ತರೆ ಹದಿಮೂರು ಇನ್ವರ್ಟರಿನ ಕರೆಂಟ್ ಒಳಗಿದ್ದೂ ಕಾರು ಕಲ್ಲು. ಹಳೇ ಮಾಲೀಕ ಹಾಕಿಸಿದ್ದ ಡ್ಯಾಶ್‌ಕ್ಯಾಮ್ ನೇರ ವೈರಿನಲ್ಲಿ ಹಗಲು ರಾತ್ರಿ ಎಳೆದು ಅದನ್ನು ಬರಿದು ಮಾಡಿತ್ತು. ಮೀಟರ್ ಇಟ್ಟೆ: 9.4 ವೋಲ್ಟ್.

ದೊಡ್ಡ ಬ್ಯಾಟರಿಗೆ ಒಂದು ರಾತ್ರಿ ಕಾವಲು ಕೂತವನು, ನನ್ನ ಅಂಗಡಿಯಲ್ಲಿ ದಿನಾ ಮಾರುವ ಸಾಮಾನನ್ನೇ ಪರೀಕ್ಷೆ ಮಾಡಿರಲಿಲ್ಲ. ತಮ್ಮನಿಗೆ ಇದು ಹೇಗೋ ಗೊತ್ತಾಗಿ, ಈಗಲೂ ಹಬ್ಬಕ್ಕೆ ಬಂದಾಗೆಲ್ಲ ಬಾನೆಟ್ ತಟ್ಟಿ ಒಳಗೆ ಬರುತ್ತಾನೆ.

ಡ್ಯಾಶ್‌ಕ್ಯಾಮಿನ ವೈರು ಕಿತ್ತೆ. ಅಂಗಡಿಯಿಂದ ಹೊಸ ಬ್ಯಾಟರಿ ತಂದು ಕೂರಿಸಿ, ಗಿರಾಕಿಗಳಿಗೆ ಮಾಡುವ ಹಾಗೇ ಮೇಲೆ ಮಾರ್ಕರಿನಲ್ಲಿ ತಾರೀಕು ಬರೆದೆ. ವಾರಂಟಿ ಕಾರ್ಡಿನಲ್ಲಿ ಗಿರಾಕಿಯ ಹೆಸರಿನ ಜಾಗದಲ್ಲಿ ನನ್ನ ಹೆಸರು, ಮಾರಿದವರ ಸಹಿಯ ಜಾಗದಲ್ಲೂ ನನ್ನದೇ. ಅಂಗಡಿ ಹುಡುಗ ಕೇಳಿದ, "ಡಿಸ್ಕೌಂಟ್ ಎಷ್ಟು ಹಾಕಲಿ ಅಣ್ಣಾ?"